ಸ್ವತಂತ್ರ ವಿಡಿಯೋ ಗೇಮ್ ಅಭಿವೃದ್ಧಿದಾರರು ಮತ್ತು ಪ್ರಕಾಶಕರು: ಕರ್ತೃತ್ವದ ನಮೂದು, ರಾಯಧನ ಹಾಗೂ ಕೃತಿಸ್ವಾಮ್ಯ ಕುರಿತು ಮಾಹಿತಿ

ವಿಡಿಯೋ ಗೇಮ್ ತಯಾರಿಕೆಯಲ್ಲಿ ತೊಡಗಿರುವ ವ್ಯಕ್ತಿಗಳು ಹಾಗೂ ಸಣ್ಣ ಸಂಸ್ಥೆಗಳು ಪ್ರಕಾಶಕರೊಂದಿಗೆ ಕರಾರು ಮಾಡಿಕೊಳ್ಳುವ ಮುನ್ನ ತಿಳಿದಿರಬೇಕಾದ ವಿಷಯಗಳನ್ನು ಈ ಪುಟದಲ್ಲಿ ನೀಡಲಾಗಿದೆ. ಕೃತಿಸ್ವಾಮ್ಯ ನೋಂದಣಿಗೆ ಅರ್ಜಿ ಸಲ್ಲಿಸಲು ಬಯಸುವವರು ಪ್ರಕಾಶಕರ ಕರಾರಿಗೆ ಸಹಿ ಮಾಡಿದ ನಂತರ ನೋಂದಣಿಯ ಬಗ್ಗೆ ಆಲೋಚಿಸುವುದುಂಟು. ಅಷ್ಟರಲ್ಲಿ ನೋಂದಾಯಿಸಬೇಕಾದ ಹಕ್ಕೇ ಕೈಬಿಟ್ಟು ಹೋಗಿರಬಹುದು. ಆದ್ದರಿಂದ ಅರ್ಜಿ ನಮೂನೆಯನ್ನು ಭರ್ತಿ ಮಾಡುವ ಮೊದಲೇ ಈ ಮಾಹಿತಿಯನ್ನು ಓದುವುದು ಸೂಕ್ತ.

ಹಣವನ್ನು ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳಿಗೂ ಈ ಪುಟಕ್ಕೂ ಸಂಬಂಧವಿಲ್ಲ. ಅಂತಹ ಆಟಗಳನ್ನು 2025ರ ಆನ್‌ಲೈನ್ ಗೇಮಿಂಗ್ ಕುರಿತ ಕೇಂದ್ರ ಅಧಿನಿಯಮದ ಮೂಲಕ ನಿಷೇಧಿಸಲಾಗಿದೆ.

ಪದಗಳ ಅರ್ಥ

ಆಟವನ್ನು ರೂಪಿಸಿ, ಅದರ ಪ್ರೋಗ್ರಾಮ್, ಚಿತ್ರ, ಸಂಗೀತ ಮತ್ತು ಕಥೆಯನ್ನು ಸಿದ್ಧಪಡಿಸುವವರನ್ನು ಅಭಿವೃದ್ಧಿದಾರರೆಂದು ಕರೆಯಲಾಗುತ್ತದೆ. ಹಣ ಹೂಡಿಕೆ, ಪ್ರಚಾರ, ಮಾರಾಟ ಮತ್ತು ವಿತರಣೆಯನ್ನು ವಹಿಸಿಕೊಳ್ಳುವವರು ಪ್ರಕಾಶಕರು. ಪ್ರಕಾಶಕರ ಒಡೆತನಕ್ಕೆ ಒಳಪಡದೆ ಕೆಲಸ ಮಾಡುವ ವ್ಯಕ್ತಿ ಅಥವಾ ಸಂಸ್ಥೆಯನ್ನು ಸ್ವತಂತ್ರ ಅಭಿವೃದ್ಧಿದಾರ ಎನ್ನುವುದು ವಾಡಿಕೆ. ಪುಸ್ತಕೋದ್ಯಮದ ಲೇಖಕ ಮತ್ತು ಪ್ರಕಾಶಕರ ಸಂಬಂಧವನ್ನು ಇದು ಹೋಲುತ್ತದೆಯಾದರೂ ಒಂದು ಮುಖ್ಯ ವ್ಯತ್ಯಾಸವಿದೆ. ಲೇಖಕನ ಹೆಸರಿಲ್ಲದೆ ಪುಸ್ತಕ ಹೊರಬರುವುದು ಅಪರೂಪ. ಆಟಗಳ ವಿಷಯದಲ್ಲಿ ಹೆಸರಿಲ್ಲದಿರುವುದೇ ಮೊದಲಿನಿಂದಲೂ ರೂಢಿಯಾಗಿತ್ತು.

ಹೆಸರು ನಮೂದಿಸುವ ಪದ್ಧತಿ ಬಂದ ಬಗೆ

ಅಮೆರಿಕದ ಅಟಾರಿ ಸಂಸ್ಥೆಯು 1977ರಲ್ಲಿ ಮನೆಯ ದೂರದರ್ಶನಕ್ಕೆ ಜೋಡಿಸಿ ಆಡುವ ಯಂತ್ರವೊಂದನ್ನು ಮಾರುಕಟ್ಟೆಗೆ ತಂದಿತು. ಅದರ ಆಟಗಳು ಕಾರ್ಟ್ರಿಡ್ಜ್ ರೂಪದಲ್ಲಿ ಮಾರಾಟವಾಗುತ್ತಿದ್ದವು. ಆ ಕಾಲದಲ್ಲಿ ಒಂದು ಆಟದ ಕಲ್ಪನೆ, ಪ್ರೋಗ್ರಾಮ್, ಚಿತ್ರ ಮತ್ತು ಶಬ್ದ ಸಾಮಾನ್ಯವಾಗಿ ಒಬ್ಬನೇ ವ್ಯಕ್ತಿಯ ಕೆಲಸವಾಗಿರುತ್ತಿತ್ತು. ಹೀಗಿದ್ದರೂ ಪೆಟ್ಟಿಗೆಯ ಮೇಲಾಗಲಿ, ಕೈಪಿಡಿಯಲ್ಲಾಗಲಿ, ಪರದೆಯ ಮೇಲಾಗಲಿ ಆತನ ಹೆಸರು ಇರುತ್ತಿರಲಿಲ್ಲ. ಮಾರಾಟದ ಮೇಲೆ ರಾಯಧನವೂ ಇರಲಿಲ್ಲ. ದೊರೆಯುತ್ತಿದ್ದುದು ಮಾಸಿಕ ಸಂಬಳ ಮಾತ್ರ.

ವಾರೆನ್ ರಾಬಿನೆಟ್ ಎಂಬ ಪ್ರೋಗ್ರಾಮರ್ ಇದಕ್ಕೆ ತನ್ನದೇ ರೀತಿಯಲ್ಲಿ ಪ್ರತಿಕ್ರಿಯೆ ನೀಡಿದರು. ‘ಅಡ್ವೆಂಚರ್’ ಎಂಬ ಆಟದೊಳಗೆ ಅವರು ಒಂದು ಗುಪ್ತ ಕೋಣೆಯನ್ನು ಅಡಗಿಸಿದರು. ಪರದೆಯ ಹಿನ್ನೆಲೆಯ ಬಣ್ಣದಲ್ಲೇ ಬೆರೆತುಹೋಗುವ ಒಂದು ಚುಕ್ಕೆಯನ್ನು ಹುಡುಕಿ, ನಿರ್ದಿಷ್ಟ ಸ್ಥಳಕ್ಕೆ ಒಯ್ದರೆ ಮಾತ್ರ ಆ ಕೋಣೆ ತೆರೆಯುತ್ತಿತ್ತು. ಒಳಗೆ ಇದ್ದುದು ಈ ಆಟವನ್ನು ರಚಿಸಿದವರು ಯಾರೆಂದು ತಿಳಿಸುವ ಒಂದು ಸಾಲು. ರಾಬಿನೆಟ್ ಅವರು ಈ ವಿಷಯವನ್ನು ಸಂಸ್ಥೆಯಲ್ಲಿ ಯಾರಿಗೂ ತಿಳಿಸದೆ ಕೆಲಸ ಬಿಟ್ಟರು. 1980ರಲ್ಲಿ ಸಾಲ್ಟ್ ಲೇಕ್ ನಗರದ ಒಬ್ಬ ಬಾಲಕ ಆ ಕೋಣೆಯನ್ನು ಕಂಡುಹಿಡಿದು ಸಂಸ್ಥೆಗೆ ಪತ್ರ ಬರೆದಾಗಲೇ ಅಟಾರಿಗೆ ಸಂಗತಿ ತಿಳಿದದ್ದು. ಆಟಗಳಲ್ಲಿ ಹೀಗೆ ಅಡಗಿಸಿಡುವ ಸಂಗತಿಗಳನ್ನು ಈಗ ‘ಈಸ್ಟರ್ ಎಗ್’ ಎಂದು ಕರೆಯಲಾಗುತ್ತದೆ. ವಿನೋದವೆಂದೇ ಇಂದು ಎಲ್ಲರೂ ತಿಳಿದಿರುವ ಈ ಪದದ ಹಿಂದೆ ತಾನು ಮಾಡಿದ ಕೆಲಸಕ್ಕೆ ಹೆಸರು ಬೇಕೆಂದ ಒಬ್ಬ ನೌಕರನ ಅಹವಾಲು ಇದೆ.

ಇದೇ ಅವಧಿಯಲ್ಲಿ ಅಟಾರಿಯ ಇನ್ನೂ ನಾಲ್ವರು ಪ್ರೋಗ್ರಾಮರ್‌ಗಳಾದ ಡೇವಿಡ್ ಕ್ರೇನ್, ಲ್ಯಾರಿ ಕಪ್ಲಾನ್, ಅಲನ್ ಮಿಲ್ಲರ್ ಮತ್ತು ಬಾಬ್ ವೈಟ್‌ಹೆಡ್ ಅವರು ಬೇರೆ ದಾರಿ ಹಿಡಿದರು. ಯಾವ ಆಟ ಎಷ್ಟು ಮಾರಾಟವಾಗಿದೆ ಎಂಬ ಪಟ್ಟಿಯೊಂದನ್ನು ಸಂಸ್ಥೆಯೇ ನೌಕರರಿಗೆ ಹಂಚಿತ್ತು. ಅದನ್ನು ಕೂಡಿ ಲೆಕ್ಕ ಹಾಕಿದಾಗ, ಕಾರ್ಟ್ರಿಡ್ಜ್ ಮಾರಾಟದ ಸುಮಾರು ಶೇಕಡ 60ರಷ್ಟು ಈ ನಾಲ್ವರ ಆಟಗಳಿಂದಲೇ ಬಂದಿದೆಯೆಂದು ಕಂಡುಬಂದಿತೆಂದು ಕ್ರೇನ್ ಅವರು ಅನಂತರ ಸಂದರ್ಶನಗಳಲ್ಲಿ ತಿಳಿಸಿದ್ದಾರೆ. ಅವರು ಹೆಸರಿನ ನಮೂದು ಮತ್ತು ರಾಯಧನವನ್ನು ಕೋರಿದರು. ಆಡಳಿತವು ಒಪ್ಪಲಿಲ್ಲ. 1979ರ ಅಕ್ಟೋಬರ್‌ನಲ್ಲಿ ಅವರು ಜಿಮ್ ಲೆವಿ ಅವರೊಂದಿಗೆ ಸೇರಿ ಆಕ್ಟಿವಿಷನ್ ಸಂಸ್ಥೆಯನ್ನು ಸ್ಥಾಪಿಸಿದರು. ಯಂತ್ರ ತಯಾರಕರಲ್ಲದ ಸಂಸ್ಥೆಯೊಂದು ಮನೆಯ ಆಟದ ಯಂತ್ರಕ್ಕೆ ಆಟಗಳನ್ನು ಒದಗಿಸಿದ್ದು ಅದೇ ಮೊದಲು. ಅಟಾರಿಯು ನ್ಯಾಯಾಲಯದ ಮೊರೆ ಹೋಯಿತು. 1982ರಲ್ಲಿ ರಾಯಧನ ನೀಡುವ ಒಪ್ಪಂದದೊಂದಿಗೆ ವ್ಯಾಜ್ಯ ಇತ್ಯರ್ಥವಾಯಿತು. ಆಕ್ಟಿವಿಷನ್ ತನ್ನ ಪೆಟ್ಟಿಗೆಗಳ ಮೇಲೆ ವಿನ್ಯಾಸಕರ ಹೆಸರನ್ನು ಮುದ್ರಿಸಿತು ಮತ್ತು ಕೈಪಿಡಿಯಲ್ಲಿ ಅವರ ಮಾತುಗಳಿಗೆ ಸ್ಥಳ ನೀಡಿತು. 1982ರ ‘ಪಿಟ್‌ಫಾಲ್’ ಆಟವು ಕ್ರೇನ್ ಅವರ ಹೆಸರಿನೊಂದಿಗೆ 40 ಲಕ್ಷಕ್ಕೂ ಹೆಚ್ಚು ಪ್ರತಿಗಳಷ್ಟು ಮಾರಾಟವಾಯಿತು. ಹೆಸರು ಮುದ್ರಿಸಿದ್ದರಿಂದ ಮಾರಾಟಕ್ಕೆ ಯಾವ ಕುಂದೂ ಉಂಟಾಗಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬಹುದು.

ಜಪಾನಿನಲ್ಲಿ ಪರಿಸ್ಥಿತಿ ಇನ್ನೊಂದು ಬಗೆಯದಾಗಿತ್ತು. ಪ್ರತಿಸ್ಪರ್ಧಿ ಸಂಸ್ಥೆಗಳು ನಿಪುಣ ನೌಕರರನ್ನು ಸೆಳೆದುಕೊಳ್ಳಬಾರದೆಂಬ ಕಾರಣದಿಂದ ಹಲವು ಸಂಸ್ಥೆಗಳು ನಿಜನಾಮದ ಬದಲು ಅಡ್ಡಹೆಸರನ್ನು ತೋರಿಸುತ್ತಿದ್ದವು. 1987ರ ‘ಸ್ಟ್ರೀಟ್ ಫೈಟರ್’ ಆಟದಲ್ಲಿ ತಕಾಶಿ ನಿಶಿಯಾಮ ಅವರು ‘ಪಿಸ್ಟನ್ ತಕಾಶಿ’ ಎಂದು ಕಾಣಿಸಿಕೊಂಡರು.

ಈಚಿನ ವರ್ಷಗಳ ಸ್ಥಿತಿ

ಈಗ ಬಹುತೇಕ ಎಲ್ಲ ಆಟಗಳ ಕೊನೆಯಲ್ಲಿ ಹೆಸರುಗಳ ಪಟ್ಟಿ ಬರುತ್ತದೆ. ಆದರೆ ಪಟ್ಟಿಯಲ್ಲಿ ಯಾರ ಹೆಸರಿರಬೇಕೆಂದು ನಿರ್ಧರಿಸುವ ಅಧಿಕಾರ ಪ್ರಕಾಶಕರ ಅಥವಾ ಸ್ಟುಡಿಯೋದ ಆಡಳಿತದ ಬಳಿ ಉಳಿದಿದೆ. ಇದಕ್ಕೆ ಏಕರೂಪದ ನಿಯಮವಿಲ್ಲ.

ಆಸ್ಟ್ರೇಲಿಯದ ಸಿಡ್ನಿಯಲ್ಲಿದ್ದ ಟೀಮ್ ಬಾಂಡಿ ಸಂಸ್ಥೆಯು ಸಿದ್ಧಪಡಿಸಿದ ‘ಎಲ್.ಎ. ನ್ವಾರ್’ ಆಟವನ್ನು 2011ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಪ್ರಕಟಿಸಿತು. ಕೆಲಸ ಮಾಡಿದ 100ಕ್ಕೂ ಹೆಚ್ಚು ಮಂದಿಯ ಹೆಸರುಗಳು ಪಟ್ಟಿಯಲ್ಲಿ ಇಲ್ಲ ಅಥವಾ ತಪ್ಪಾಗಿವೆಯೆಂದು ಮಾಜಿ ನೌಕರರು ತಾವೇ ಪ್ರತ್ಯೇಕ ಪಟ್ಟಿಯನ್ನು ಅಂತರಜಾಲದಲ್ಲಿ ಪ್ರಕಟಿಸಿದರು. 2018ರಲ್ಲಿ ‘ರೆಡ್ ಡೆಡ್ ರಿಡೆಂಪ್ಷನ್ 2’ ಬಿಡುಗಡೆಯ ಸಮಯದಲ್ಲೂ ಇದೇ ಪ್ರಶ್ನೆ ಎದ್ದಿತು. ಆಟ ಪೂರ್ಣಗೊಳ್ಳುವ ಮುನ್ನ ಸಂಸ್ಥೆ ಬಿಟ್ಟವರ ಹೆಸರನ್ನು ಆಟದೊಳಗಿನ ಪಟ್ಟಿಯಲ್ಲಿ ಸೇರಿಸಿರಲಿಲ್ಲ. ಕೊನೆಯವರೆಗೂ ಉಳಿಯುವುದನ್ನು ಉತ್ತೇಜಿಸಲು ಈ ಕ್ರಮವೆಂದು ಸಂಸ್ಥೆ ವಿವರಣೆ ನೀಡಿತು. ಟೀಕೆಯ ನಂತರ ಅಂತಹವರ ಹೆಸರುಗಳನ್ನು ತನ್ನ ಅಂತರಜಾಲ ತಾಣದಲ್ಲಿ ಪ್ರಕಟಿಸಿತು. ಸಂಬಳವಂತೂ ದುಡಿದ ದಿನಗಳಿಗೆ ಸಂದಿದೆ. ಹೆಸರಿಗೆ ಮಾತ್ರ ಕೊನೆಯ ದಿನದ ಹಾಜರಾತಿ ಏಕೆ ಬೇಕೆಂಬುದು ಸಮಂಜಸವಾದ ಪ್ರಶ್ನೆ.

2021ರಲ್ಲಿ ‘ಮೆಟ್ರಾಯ್ಡ್ ಡ್ರೆಡ್’ ಆಟವನ್ನು ತಯಾರಿಸಿದ ಸ್ಪೇನ್ ದೇಶದ ಮರ್ಕ್ಯುರಿಸ್ಟೀಮ್ ಸಂಸ್ಥೆಯು, ಒಟ್ಟು ತಯಾರಿಕಾ ಅವಧಿಯ ಕನಿಷ್ಠ ಶೇಕಡ 25ರಷ್ಟು ಕಾಲ ಕೆಲಸ ಮಾಡಿರಬೇಕೆಂಬ ಷರತ್ತನ್ನು ವಿಧಿಸಿದ್ದು ಬೆಳಕಿಗೆ ಬಂದಿತು. ನಾಲ್ಕು ವರ್ಷ ನಡೆಯುವ ಯೋಜನೆಯಲ್ಲಿ ಇಂತಹ ಷರತ್ತಿದ್ದರೆ ಹನ್ನೊಂದು ತಿಂಗಳು ದುಡಿದವನಿಗೂ ಹೆಸರಿಲ್ಲ. 2023ರಲ್ಲಿ ‘ಮೆಟ್ರಾಯ್ಡ್ ಪ್ರೈಮ್’ ಆಟದ ನವೀಕೃತ ಆವೃತ್ತಿ ಬಂದಾಗ, ಮೂಲ ಆಟವನ್ನು ಕಟ್ಟಿದವರನ್ನು ಒಬ್ಬೊಬ್ಬರಾಗಿ ಹೆಸರಿಸದೆ ‘ಮೂಲ ತಂಡ’ವೆಂಬ ಒಟ್ಟು ಉಲ್ಲೇಖದಲ್ಲಿ ಮುಗಿಸಲಾಗಿತ್ತು.

ಅಂತರರಾಷ್ಟ್ರೀಯ ಗೇಮ್ ಅಭಿವೃದ್ಧಿದಾರರ ಸಂಘವು ಹೆಸರು ನಮೂದಿಸುವ ಬಗ್ಗೆ ಮಾರ್ಗಸೂಚಿಯನ್ನು ಹೊರಡಿಸಿದೆ. ವರ್ಷ ಅಥವಾ ಅದಕ್ಕಿಂತ ದೀರ್ಘವಾದ ಯೋಜನೆಯಲ್ಲಿ ಕನಿಷ್ಠ 30 ದಿನ ಕೆಲಸ ಮಾಡಿದವರನ್ನು, ಅವರು ಮಧ್ಯದಲ್ಲಿ ಬಿಟ್ಟುಹೋಗಿದ್ದರೂ, ನಮೂದಿಸಬೇಕೆಂಬುದು ಅದರ ನಿಲುವು. ಈ ಮಾರ್ಗಸೂಚಿಯು ಯಾರನ್ನೂ ಕಾನೂನುಬದ್ಧವಾಗಿ ಕಟ್ಟಿಹಾಕುವುದಿಲ್ಲ. ಆದರೆ ಕರಾರಿನಲ್ಲಿ ಇದನ್ನು ಉಲ್ಲೇಖಿಸಿ ಒಪ್ಪಿಕೊಂಡರೆ ಅದು ಕರಾರಿನ ಷರತ್ತಾಗುತ್ತದೆ. ಅಷ್ಟು ಒಂದು ಸಾಲು ಸೇರಿಸಲು ಅಭಿವೃದ್ಧಿದಾರರು ಕೇಳಿಕೊಳ್ಳುವುದರಲ್ಲಿ ಯಾವ ಸಂಕೋಚವೂ ಅನಗತ್ಯ.

ಬೆಂಗಳೂರಿನವರಿಗೆ ಈ ವಿಷಯ ದೂರದ್ದಲ್ಲ. 1997ರಲ್ಲಿ ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರ್‌ಆಕ್ಟಿವ್ ಸಂಸ್ಥೆಯು ದೇಶದ ಮೊದಲ ಆಟ ತಯಾರಿಕಾ ಸಂಸ್ಥೆಗಳಲ್ಲೊಂದು. ವಿದೇಶಿ ಪ್ರಕಾಶಕರ ಆಟಗಳಿಗೆ ಚಿತ್ರ ಮತ್ತು ಮಾದರಿಗಳನ್ನು ಸಿದ್ಧಪಡಿಸಿಕೊಡುವುದು ಅದರ ಪ್ರಮುಖ ಕೆಲಸವಾಗಿತ್ತು. 2019ರಲ್ಲಿ ಅದು ರಾಕ್‌ಸ್ಟಾರ್ ಗೇಮ್ಸ್ ಒಡೆತನಕ್ಕೆ ಸೇರಿ ಆ ಸಂಸ್ಥೆಯ ಬೆಂಗಳೂರು ಶಾಖೆಯೊಂದಿಗೆ ವಿಲೀನವಾಯಿತು. ಹೀಗೆ ಹೊರಗುತ್ತಿಗೆಯಲ್ಲಿ ನಡೆಯುವ ಕೆಲಸಗಳಲ್ಲಿ ಕೆಲವೊಮ್ಮೆ ಸಂಸ್ಥೆಯ ಹೆಸರನ್ನು ಮಾತ್ರ ನಮೂದಿಸಿ, ವ್ಯಕ್ತಿಗಳ ಹೆಸರನ್ನು ಕೈಬಿಡುವ ಪದ್ಧತಿಯಿದೆ. ಹೊಸ ಉದ್ಯೋಗಕ್ಕೆ ಅರ್ಜಿ ಹಾಕುವಾಗ ತಾನು ಮಾಡಿದ ಕೆಲಸಕ್ಕೆ ಪುರಾವೆಯಾಗಿ ತೋರಿಸಲು ಕಲಾವಿದನಿಗೆ ಇರುವುದು ಆ ಪಟ್ಟಿಯೊಂದೇ. ಗೌಪ್ಯತಾ ಕರಾರಿನಿಂದಾಗಿ ಚಿತ್ರಗಳನ್ನು ತೋರಿಸುವ ಅವಕಾಶವೂ ಇರುವುದಿಲ್ಲ.

ಹಣದ ಲೆಕ್ಕ

ಪ್ರಕಾಶಕರು ನೀಡುವ ಹಣವನ್ನು ಅನುದಾನವೆಂದು ಭಾವಿಸತಕ್ಕದ್ದಲ್ಲ. ಅದು ಮುಂದೆ ಬರುವ ರಾಯಧನದಿಂದ ಮುರಿದುಕೊಳ್ಳುವ ಮುಂಗಡ. ಹಂತ ಹಂತವಾಗಿ, ಕೆಲಸದ ಪ್ರತಿಯೊಂದು ಮಜಲು ಒಪ್ಪಿಗೆಯಾದ ನಂತರ ಅದನ್ನು ಬಿಡುಗಡೆ ಮಾಡಲಾಗುತ್ತದೆ. ಎಷ್ಟು ಶೇಕಡ ಪಾಲು ಎಂಬುದರ ಮೇಲೆಯೇ ಅಭಿವೃದ್ಧಿದಾರರ ಗಮನವೆಲ್ಲ ಇರುತ್ತದೆ. ವಾಸ್ತವದಲ್ಲಿ ಅದಕ್ಕಿಂತ ಮುಖ್ಯವಾದುದು ಮುಂಗಡವನ್ನು ಯಾವ ಮೊತ್ತದಿಂದ ವಸೂಲು ಮಾಡಿಕೊಳ್ಳಲಾಗುತ್ತದೆ ಎಂಬ ಅಂಶ. ಒಂದು ಕಾಲ್ಪನಿಕ ಉದಾಹರಣೆಯಿಂದ ಇದನ್ನು ವಿವರಿಸಬಹುದು.

ಆಟವೊಂದರ ಬೆಲೆ 1,000 ರೂಪಾಯಿ, ಮಾರಾಟವಾದ ಪ್ರತಿಗಳು 10,000 ಎಂದಿಟ್ಟುಕೊಳ್ಳೋಣ. ಒಟ್ಟು ವಸೂಲಿ 1 ಕೋಟಿ ರೂಪಾಯಿ. ಮಾರಾಟ ತಾಣದ ಪಾಲು ಶೇಕಡ 30 ಎಂದರೆ 30 ಲಕ್ಷ ಕಳೆದು ನಿವ್ವಳ 70 ಲಕ್ಷ ಉಳಿಯುತ್ತದೆ. ತೆರಿಗೆ ಮತ್ತು ಗ್ರಾಹಕರಿಗೆ ಹಿಂದಿರುಗಿಸಿದ ಹಣವನ್ನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಪ್ರಕಾಶಕರು ತಯಾರಿಕೆಗೆ ನೀಡಿದ ಮುಂಗಡ 40 ಲಕ್ಷ, ಪ್ರಚಾರಕ್ಕೆ ಮಾಡಿದ ವೆಚ್ಚ 15 ಲಕ್ಷ. ವಸೂಲಾಗಬೇಕಾದ ಒಟ್ಟು ಮೊತ್ತ 55 ಲಕ್ಷ. ಕರಾರಿನಲ್ಲಿ ಇಬ್ಬರಿಗೂ ಸಮಪಾಲು ಎಂದಿದೆ.

ಮೊದಲನೆಯ ವಿಧಾನದಲ್ಲಿ 55 ಲಕ್ಷವನ್ನು ನಿವ್ವಳ 70 ಲಕ್ಷದಿಂದಲೇ ಮುರಿದುಕೊಂಡು ಉಳಿದ 15 ಲಕ್ಷವನ್ನು ಸಮನಾಗಿ ಹಂಚಲಾಗುತ್ತದೆ. ಅಭಿವೃದ್ಧಿದಾರರಿಗೆ ಏಳೂವರೆ ಲಕ್ಷ ದೊರೆಯುತ್ತದೆ. ಎರಡನೆಯ ವಿಧಾನದಲ್ಲಿ ಮೊದಲು 70 ಲಕ್ಷವನ್ನು 35 ಲಕ್ಷದಂತೆ ಎರಡು ಪಾಲು ಮಾಡಿ, ಅಭಿವೃದ್ಧಿದಾರರ ಪಾಲಿನಿಂದ ಮಾತ್ರ 55 ಲಕ್ಷವನ್ನು ಕಳೆಯಲಾಗುತ್ತದೆ. ಆಗ ಅವರಿಗೆ ಏನೂ ದೊರೆಯುವುದಿಲ್ಲ. ಲೆಕ್ಕದ ಪುಸ್ತಕದಲ್ಲಿ ಇನ್ನೂ 20 ಲಕ್ಷ ಬಾಕಿ ಎಂದೇ ಇರುತ್ತದೆ. ಆದರೆ ಪ್ರಕಾಶಕರ ಕೈಗೆ ಪೂರ್ತಿ 70 ಲಕ್ಷ ಸೇರಿದ್ದು, ಹೂಡಿದ 55 ಲಕ್ಷದ ಮೇಲೆ 15 ಲಕ್ಷ ಮಿಗುತ್ತದೆ. ಮೊದಲ ವಿಧಾನದಲ್ಲಿ 7,858ನೆಯ ಪ್ರತಿಯಿಂದ ಅಭಿವೃದ್ಧಿದಾರರಿಗೆ ಆದಾಯ ಆರಂಭವಾದರೆ, ಎರಡನೆಯದರಲ್ಲಿ 15,715ನೆಯ ಪ್ರತಿಯವರೆಗೆ ಕಾಯಬೇಕು. ಎರಡು ಕರಾರುಗಳಲ್ಲೂ ಬರೆದಿರುವುದು ‘ಸಮಪಾಲು’ ಎಂದೇ.

ಪ್ರಚಾರದ ವೆಚ್ಚಕ್ಕೆ ಮಿತಿ ಹಾಕದಿರುವುದು ಮತ್ತೊಂದು ತೊಡಕು. ಮಿತಿಯಿಲ್ಲದ ವೆಚ್ಚವನ್ನು ಅಭಿವೃದ್ಧಿದಾರರ ಲೆಕ್ಕಕ್ಕೆ ಹಾಕಲು ಅವಕಾಶವಿದ್ದಲ್ಲಿ, ಆ ವೆಚ್ಚದ ರಸೀದಿಗಳನ್ನು ಕೇಳುವ ಹಕ್ಕೂ ಇರಬೇಕು. ತ್ರೈಮಾಸಿಕ ಲೆಕ್ಕಪತ್ರ ಹಾಗೂ ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆಯ ಹಕ್ಕನ್ನು ಕರಾರಿನಲ್ಲಿ ಸೇರಿಸಿಕೊಳ್ಳುವುದು ಅವಶ್ಯಕ.

ಬೋನಸ್ ಕುರಿತ ಷರತ್ತುಗಳನ್ನೂ ಎಚ್ಚರಿಕೆಯಿಂದ ಓದಬೇಕು. 2010ರಲ್ಲಿ ಅಬ್ಸಿಡಿಯನ್ ಸಂಸ್ಥೆಯು ಬೆಥೆಸ್ಡಾ ಪ್ರಕಾಶಕರಿಗೆ ‘ಫಾಲ್‌ಔಟ್: ನ್ಯೂ ವೇಗಸ್’ ಆಟವನ್ನು ತಯಾರಿಸಿಕೊಟ್ಟಿತು. ವಿಮರ್ಶೆಗಳನ್ನು ಸರಾಸರಿ ಮಾಡಿ ಅಂಕ ನೀಡುವ ಮೆಟಾಕ್ರಿಟಿಕ್ ತಾಣದಲ್ಲಿ 85 ಅಂಕ ಬಂದರೆ ಬೋನಸ್ ಎಂಬ ಷರತ್ತಿತ್ತು, ಬಂದದ್ದು 84. ರಾಯಧನವಿಲ್ಲದ ನಿಗದಿತ ಮೊತ್ತದ ಕರಾರು ಅದಾಗಿದ್ದರಿಂದ ಬೋನಸ್ ಕೈತಪ್ಪಿತೆಂದು ಸಂಸ್ಥೆಯ ಕ್ರಿಸ್ ಅವೆಲೋನ್ ಅವರು 2012ರಲ್ಲಿ ತಿಳಿಸಿದರು. ಆಟವು ಚೆನ್ನಾಗಿಯೇ ಮಾರಾಟವಾಗಿತ್ತು. ಅಭಿವೃದ್ಧಿದಾರರ ನಿಯಂತ್ರಣದಲ್ಲಿಲ್ಲದ, ಮೂರನೆಯವರು ನೀಡುವ ಅಂಕಕ್ಕೆ ಹಣವನ್ನು ಜೋಡಿಸಿದರೆ ಏನಾಗಬಹುದೆಂಬುದಕ್ಕೆ ಇದು ನಿದರ್ಶನ.

ಪ್ರಕಾಶಕರಿಲ್ಲದೆ ನೇರವಾಗಿ ಮಾರುವ ದಾರಿಯೂ ಇದೆ. ವಾಲ್ವ್ ಸಂಸ್ಥೆಯ ಸ್ಟೀಮ್ ತಾಣದಲ್ಲಿ 2017ರಿಂದ ಆಟವೊಂದಕ್ಕೆ 100 ಡಾಲರ್ ಶುಲ್ಕ ಪಾವತಿಸಿ ಮಾರಾಟಕ್ಕಿಡಬಹುದಾಗಿದೆ. ತಾಣದ ಪಾಲು ಸಾಮಾನ್ಯವಾಗಿ ಶೇಕಡ 30. 2018ರಿಂದ 1 ಕೋಟಿ ಡಾಲರ್ ದಾಟಿದ ವಹಿವಾಟಿಗೆ ಶೇಕಡ 25, 5 ಕೋಟಿ ದಾಟಿದರೆ ಶೇಕಡ 20. ಈ ರಿಯಾಯಿತಿಯ ಪ್ರಯೋಜನ ಪಡೆಯುವವರು ದೊಡ್ಡವರೇ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೇರ ಮಾರಾಟದಲ್ಲಿ ಅಮೆರಿಕದಿಂದ ಬರುವ ರಾಯಧನಕ್ಕೆ ಆ ದೇಶದಲ್ಲಿ ತೆರಿಗೆ ಕಡಿತವಾಗುತ್ತದೆ. ನಿಗದಿತ ನಮೂನೆಯಲ್ಲಿ ಪ್ಯಾನ್ ಸಂಖ್ಯೆಯೊಂದಿಗೆ ಘೋಷಣೆ ಸಲ್ಲಿಸಿದರೆ, ಭಾರತ ಮತ್ತು ಅಮೆರಿಕ ನಡುವಣ ಒಪ್ಪಂದದ ಮೇರೆಗೆ ಶೇಕಡ 30ರ ಬದಲು ಶೇಕಡ 15ರ ದರ ಅನ್ವಯಿಸುತ್ತದೆ. ಕಡಿತದ ಪ್ರಮಾಣಪತ್ರವನ್ನು ಕಾಯ್ದಿರಿಸಿಕೊಳ್ಳಬೇಕು. ಇಲ್ಲಿನ ಆದಾಯ ತೆರಿಗೆಯಲ್ಲಿ ಜಮೆ ಪಡೆಯಲು ಅದು ಬೇಕಾಗುತ್ತದೆ.

ಆಟದ ಒಡೆತನದ ಪ್ರಶ್ನೆ

‘ಟೆಟ್ರಿಸ್’ ಆಟವನ್ನು ಅಲೆಕ್ಸಿ ಪಜಿತ್ನೋವ್ ಅವರು 1984ರಲ್ಲಿ ಮಾಸ್ಕೋದಲ್ಲಿ ರಚಿಸಿದರು. ಹಕ್ಕುಗಳ ವ್ಯವಹಾರವು ಸೋವಿಯತ್ ಸರ್ಕಾರದ ಸಂಸ್ಥೆಯ ಕೈಯಲ್ಲಿದ್ದುದರಿಂದ, ಜಗತ್ತಿನೆಲ್ಲೆಡೆ ಆಟ ಮಾರಾಟವಾಗುತ್ತಿದ್ದರೂ 1996ರವರೆಗೆ ಅವರಿಗೆ ರಾಯಧನ ದೊರೆಯಲಿಲ್ಲ. ಇದು ಬೇರೆ ಕಾಲದ, ಬೇರೆ ವ್ಯವಸ್ಥೆಯ ಮಾತೆನ್ನಬಹುದು.

ಈಚಿನ ಉದಾಹರಣೆಯೆಂದರೆ ಉಕ್ರೇನಿನ ಫ್ರಾಗ್‌ವೇರ್ಸ್ ಸಂಸ್ಥೆಯದು. ‘ದಿ ಸಿಂಕಿಂಗ್ ಸಿಟಿ’ ಎಂಬ ಅದರ ಆಟವನ್ನು 2019ರಲ್ಲಿ ಫ್ರಾನ್ಸಿನ ನಾಕಾನ್ ಸಂಸ್ಥೆ ಪ್ರಕಟಿಸಿತು. ಹಂತದ ಪಾವತಿಗಳು ತಡವಾದವು, ಮಾರಾಟದ ಲೆಕ್ಕ ಸರಿಯಾಗಿ ಬರಲಿಲ್ಲ, ಕೆಲವು ಆವೃತ್ತಿಗಳ ಹೊದಿಕೆಯ ಮೇಲೆ ತನ್ನ ಗುರುತೇ ಇರಲಿಲ್ಲ, ಪ್ರಕಾಶಕರೇ ಆಟದ ಒಡೆಯರೆಂಬ ಭಾವನೆ ಮೂಡುವಂತೆ ಪ್ರಚಾರ ನಡೆಯಿತು ಎಂದು ಫ್ರಾಗ್‌ವೇರ್ಸ್ 2020ರಲ್ಲಿ ಬಹಿರಂಗ ಪತ್ರದ ಮೂಲಕ ಆರೋಪಿಸಿತು. ನಾಕಾನ್ ಆರೋಪಗಳನ್ನು ಒಪ್ಪಲಿಲ್ಲ. ಆಟವನ್ನು ಮಾರಾಟ ತಾಣಗಳಿಂದ ತೆಗೆಯಲಾಯಿತು. 2021ರಲ್ಲಿ ಸ್ಟೀಮ್‌ನಲ್ಲಿ ಮತ್ತೆ ಕಾಣಿಸಿಕೊಂಡ ಪ್ರತಿಯನ್ನು ಖರೀದಿಸಬೇಡಿರೆಂದು ಸ್ವತಃ ಅಭಿವೃದ್ಧಿದಾರರೇ ಸಾರ್ವಜನಿಕರನ್ನು ಕೋರಿದರು. 2024ರ ಆರಂಭದಲ್ಲಿ ಎಲ್ಲ ವೇದಿಕೆಗಳಲ್ಲೂ ತಾನೇ ಪ್ರಕಾಶಕನಾಗಿರುವುದಾಗಿ ಫ್ರಾಗ್‌ವೇರ್ಸ್ ತಿಳಿಸಿತು. ಅಷ್ಟರಲ್ಲಿ ಆಟ ಹೊರಬಂದು ನಾಲ್ಕು ವರ್ಷ ಮೀರಿತ್ತು. ಮಾರಾಟದ ಹೆಚ್ಚಿನ ಭಾಗ ಮೊದಲ ತಿಂಗಳುಗಳಲ್ಲೇ ನಡೆಯುವ ಈ ವ್ಯಾಪಾರದಲ್ಲಿ ನಾಲ್ಕು ವರ್ಷ ಬಹಳ ದೀರ್ಘ ಅವಧಿ.

ಎಲ್ಲ ಸಂಬಂಧಗಳೂ ಹೀಗೆ ಕೆಡುತ್ತವೆಂದು ಅರ್ಥವಲ್ಲ. ಎರಿಕ್ ಬರೋನ್ ಅವರು ಒಬ್ಬರೇ ರಚಿಸಿದ ‘ಸ್ಟಾರ್‌ಡ್ಯೂ ವ್ಯಾಲಿ’ ಆಟವನ್ನು 2016ರಲ್ಲಿ ಬ್ರಿಟನ್ನಿನ ಚಕಲ್‌ಫಿಶ್ ಸಂಸ್ಥೆ ಪ್ರಕಟಿಸಿತು. 2018ರ ಡಿಸೆಂಬರ್‌ನಲ್ಲಿ ಹೆಚ್ಚಿನ ವೇದಿಕೆಗಳ ಪ್ರಕಾಶನವನ್ನು ಬರೋನ್ ಅವರು ವ್ಯಾಜ್ಯವಿಲ್ಲದೆ ತಮ್ಮ ಕೈಗೆ ತೆಗೆದುಕೊಂಡರು. ಆಟದ ಒಡೆತನ ಅವರಲ್ಲೇ ಉಳಿದಿದ್ದರಿಂದ ಇದು ಸಾಧ್ಯವಾಯಿತು. ಸ್ವೀಡನ್ನಿನ ರಾ ಫ್ಯೂರಿ ಎಂಬ ಪ್ರಕಾಶಕ ಸಂಸ್ಥೆಯು 2021ರಲ್ಲಿ ತನ್ನ ಕರಾರಿನ ಮಾದರಿಯನ್ನೇ ಸಾರ್ವಜನಿಕವಾಗಿ ಪ್ರಕಟಿಸಿತು. ತಮಗೆ ಬಂದ ಕರಾರನ್ನು ಹೋಲಿಸಿ ನೋಡಲು ಇದು ಅನುಕೂಲ.

ಭಾರತದ ಕಾನೂನಿನಲ್ಲಿ ಇರುವ ರಕ್ಷಣೆ

ಕೃತಿಸ್ವಾಮ್ಯ ಅಧಿನಿಯಮ, 1957ರ ಮೇರೆಗೆ ಕಂಪ್ಯೂಟರ್ ಪ್ರೋಗ್ರಾಮ್ ಸಾಹಿತ್ಯ ಕೃತಿಯೆಂದು ಪರಿಗಣಿತವಾಗುತ್ತದೆ. ಆಟದ ಚಿತ್ರಗಳು ಕಲಾಕೃತಿಗಳು. ಸಂಗೀತವು ಸಂಗೀತ ಕೃತಿ. ಹಾಗಾಗಿ ಒಂದೇ ಆಟದಲ್ಲಿ ಹಲವು ಕೃತಿಗಳೂ ಹಲವು ಕರ್ತೃಗಳೂ ಇರಬಹುದು.

ಪ್ರಕರಣ 17ರ ಪ್ರಕಾರ ಕರ್ತೃವೇ ಮೊದಲ ಒಡೆಯ. ನೌಕರಿಯ ಕರಾರಿನ ಮೇರೆಗೆ ಮಾಡಿದ ಕೆಲಸದಲ್ಲಿ, ಬೇರೆ ಒಪ್ಪಂದವಿಲ್ಲದಿದ್ದರೆ, ನಿಯೋಜಕರು ಒಡೆಯರಾಗುತ್ತಾರೆ. ಸ್ವತಂತ್ರವಾಗಿ ಕೆಲಸ ವಹಿಸಿಕೊಂಡ ಪ್ರೋಗ್ರಾಮರ್ ನೌಕರನಲ್ಲ. ಆತ ಲಿಖಿತವಾಗಿ ಹಸ್ತಾಂತರಿಸುವವರೆಗೆ ಹಕ್ಕು ಆತನದೇ. ಸ್ನೇಹಿತರು ಸೇರಿ ಆಟ ತಯಾರಿಸುವಾಗ ಈ ಅಂಶವನ್ನು ಬರಹದಲ್ಲಿ ಸ್ಪಷ್ಟಪಡಿಸಿಕೊಳ್ಳದಿದ್ದರೆ, ಮುಂದೆ ಪ್ರಕಾಶಕರು ಹಕ್ಕಿನ ಪತ್ರಗಳನ್ನು ಕೇಳಿದಾಗ ತೊಂದರೆಯಾಗುತ್ತದೆ.

ಪ್ರಕರಣ 19ರಂತೆ ಹಸ್ತಾಂತರವು ಲಿಖಿತವಾಗಿದ್ದು, ಹಸ್ತಾಂತರಿಸುವವರ ಸಹಿ ಇರತಕ್ಕದ್ದು. ಕೃತಿ, ಹಕ್ಕುಗಳು, ಅವಧಿ, ಪ್ರದೇಶ ಮತ್ತು ರಾಯಧನವನ್ನು ಅದರಲ್ಲಿ ನಮೂದಿಸಬೇಕು. ಅವಧಿಯನ್ನು ನಮೂದಿಸದಿದ್ದಲ್ಲಿ 5 ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದಲ್ಲಿ ಭಾರತಕ್ಕೆ ಮಾತ್ರವೆಂದೂ ಭಾವಿಸಲಾಗುತ್ತದೆ. ಪಡೆದುಕೊಂಡ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಕರಾರಿನಲ್ಲಿ ಬೇರೆ ರೀತಿ ಹೇಳದಿದ್ದ ಪಕ್ಷದಲ್ಲಿ, ಹಸ್ತಾಂತರವು ರದ್ದಾದಂತೆ. ಪ್ರಕಾಶಕರು ಆಟವನ್ನು ಪಡೆದು ಬಿಡುಗಡೆ ಮಾಡದೆ ಇಟ್ಟುಕೊಂಡಾಗ ಈ ಉಪಬಂಧವು ಬಹಳ ಉಪಯುಕ್ತ. ಆದ್ದರಿಂದಲೇ ಇದನ್ನು ತಪ್ಪಿಸುವ ವಾಕ್ಯವೊಂದು ಕರಾರಿನಲ್ಲಿದೆಯೇ ಎಂದು ಹುಡುಕಿ ನೋಡಬೇಕು. 2012ರ ತಿದ್ದುಪಡಿಯ ನಂತರ, ಕರಾರಿನ ದಿನ ಅಸ್ತಿತ್ವದಲ್ಲಿಲ್ಲದ ಮಾಧ್ಯಮ ಅಥವಾ ಬಳಕೆಯ ವಿಧಾನಕ್ಕೆ ಹಸ್ತಾಂತರವು ಅನ್ವಯಿಸುವುದಿಲ್ಲ, ಅದನ್ನು ನಿರ್ದಿಷ್ಟವಾಗಿ ಉಲ್ಲೇಖಿಸಿದ್ದ ಹೊರತು.

ಪ್ರಕರಣ 57 ಕರ್ತೃವಿನ ವಿಶೇಷ ಹಕ್ಕುಗಳಿಗೆ ಸಂಬಂಧಿಸಿದೆ. ಕೃತಿಸ್ವಾಮ್ಯವನ್ನು ಪೂರ್ಣವಾಗಿ ಹಸ್ತಾಂತರಿಸಿದ ನಂತರವೂ ಕೃತಿಯು ತನ್ನದೆಂದು ಹೇಳಿಕೊಳ್ಳುವ ಹಾಗೂ ತನ್ನ ಗೌರವಕ್ಕೆ ಧಕ್ಕೆ ತರುವ ವಿಕೃತಿಯನ್ನು ತಡೆಯುವ ಹಕ್ಕು ಕರ್ತೃವಿಗೆ ಉಳಿಯುತ್ತದೆ. ಶಿಲ್ಪಿ ಅಮರ್‌ನಾಥ್ ಸೆಹಗಲ್ ಅವರು ದೆಹಲಿಯ ವಿಜ್ಞಾನ ಭವನದಲ್ಲಿ ರಚಿಸಿದ್ದ ಭಿತ್ತಿಶಿಲ್ಪವನ್ನು ಕಿತ್ತು ಹಾಳುಗೆಡವಿದ ಪ್ರಕರಣದಲ್ಲಿ ದೆಹಲಿ ಉಚ್ಚ ನ್ಯಾಯಾಲಯವು 2005ರಲ್ಲಿ ಈ ಹಕ್ಕನ್ನು ಎತ್ತಿಹಿಡಿದು, ಭಾರತ ಸರ್ಕಾರವು 5 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಆದೇಶಿಸಿತು.

ಆದರೆ ಈ ಪ್ರಕರಣವೊಂದನ್ನೇ ನಂಬಿ ಕೂರುವಂತಿಲ್ಲ. ‘ನಾನಕ್ ಶಾಹ್ ಫಕೀರ್’ ಚಲನಚಿತ್ರದ ನಿರ್ದೇಶನದ ಹೆಸರಿನ ವಿವಾದದಲ್ಲಿ ಅದೇ ನ್ಯಾಯಾಲಯವು 2015ರಲ್ಲಿ, ಹೆಸರಿನ ಹಕ್ಕನ್ನು ಕರಾರಿನ ಮೂಲಕ ಸ್ವ ಇಚ್ಛೆಯಿಂದ ಬಿಟ್ಟುಕೊಡುವುದು ಸಾರ್ವಜನಿಕ ನೀತಿಗೆ ವಿರುದ್ಧವಲ್ಲವೆಂದು ಅಭಿಪ್ರಾಯಪಟ್ಟಿದೆ. ವಿದೇಶಿ ಪ್ರಕಾಶಕರ ಕರಾರುಗಳಲ್ಲಿ ಇಂತಹ ತ್ಯಜಿಸುವಿಕೆಯ ಷರತ್ತು ಸಾಮಾನ್ಯ. ಅಲ್ಲದೆ ಕರಾರಿಗೆ ಅನ್ವಯಿಸುವ ಕಾನೂನು ಇಂಗ್ಲೆಂಡಿನದೋ ಅಮೆರಿಕದ ಯಾವುದಾದರೂ ರಾಜ್ಯದ್ದೋ ಆಗಿರುತ್ತದೆ. ಬ್ರಿಟನ್ನಿನ 1988ರ ಕಾಯಿದೆಯಲ್ಲಿ ಕರ್ತೃವೆಂದು ಗುರುತಿಸಿಕೊಳ್ಳುವ ಹಕ್ಕಿನಿಂದ ಕಂಪ್ಯೂಟರ್ ಪ್ರೋಗ್ರಾಮುಗಳನ್ನು ಹೊರಗಿಡಲಾಗಿದೆ. ಅಮೆರಿಕದ 1990ರ ಕಾಯಿದೆ ದೃಶ್ಯ ಕಲಾಕೃತಿಗಳಿಗೆ ಸೀಮಿತ. ಆದಕಾರಣ ಹೆಸರನ್ನು ಎಲ್ಲಿ, ಯಾವ ಕ್ರಮದಲ್ಲಿ, ಯಾವ ಯಾವ ಆವೃತ್ತಿಗಳಲ್ಲಿ ನಮೂದಿಸಬೇಕೆಂಬುದನ್ನು ಕರಾರಿನಲ್ಲಿಯೇ ಬರೆಸಿಕೊಳ್ಳಬೇಕು. ಆಟದ ಆರಂಭದ ಪರದೆ, ಹೊದಿಕೆ, ಮಾರಾಟ ತಾಣದ ‘ಅಭಿವೃದ್ಧಿದಾರರು’ ಎಂಬ ಅಂಕಣ, ಜಾಹೀರಾತು ಹಾಗೂ ಮುಂದಿನ ನವೀಕೃತ ಆವೃತ್ತಿಗಳನ್ನು ಪ್ರತ್ಯೇಕವಾಗಿ ಉಲ್ಲೇಖಿಸುವುದು ಒಳಿತು. ‘ಸೂಕ್ತ ರೀತಿಯಲ್ಲಿ ನಮೂದಿಸಲಾಗುವುದು’ ಎಂಬ ವಾಕ್ಯದಿಂದ ಪ್ರಯೋಜನವಿಲ್ಲ. ಸೂಕ್ತ ಯಾವುದೆಂದು ನಿರ್ಧರಿಸುವವರು ಪ್ರಕಾಶಕರೇ ಆಗಿರುತ್ತಾರೆ.

ಕೃತಿಸ್ವಾಮ್ಯ ನೋಂದಣಿ

ಕೃತಿಸ್ವಾಮ್ಯವು ಕೃತಿ ರಚನೆಯಾದೊಡನೆ ಉಂಟಾಗುತ್ತದೆ, ನೋಂದಣಿ ಕಡ್ಡಾಯವಲ್ಲ. ಆದರೆ ನೋಂದಣಿ ಪುಸ್ತಕದಲ್ಲಿನ ನಮೂದು ಪ್ರಕರಣ 48ರ ಮೇರೆಗೆ ಮೇಲ್ನೋಟದ ಸಾಕ್ಷ್ಯವಾಗುತ್ತದೆ. ವಿವಾದ ಉಂಟಾದಾಗ ಕರ್ತೃ ಯಾರೆಂದು ಮೊದಲಿನಿಂದ ರುಜುವಾತುಪಡಿಸುವ ಹೊರೆ ಇದರಿಂದ ಹಗುರವಾಗುತ್ತದೆ. ಸಾಧ್ಯವಾದಲ್ಲಿ ಕರಾರಿಗೆ ಸಹಿ ಮಾಡುವ ಮುನ್ನವೇ ಅರ್ಜಿ ಸಲ್ಲಿಸುವುದು ಕ್ಷೇಮ.

ಅರ್ಜಿಯನ್ನು ಕೃತಿಸ್ವಾಮ್ಯ ನಿಯಮಗಳು, 2013ರ 70ನೆಯ ನಿಯಮದಂತೆ ನಮೂನೆ 14ರಲ್ಲಿ ನವದೆಹಲಿಯ ಕೃತಿಸ್ವಾಮ್ಯ ಕಚೇರಿಗೆ ಸಲ್ಲಿಸಬೇಕು. ಅಂತರಜಾಲದ ಮೂಲಕವೂ ಸಲ್ಲಿಸಬಹುದು. ಇದು ಕೇಂದ್ರ ಸರ್ಕಾರದ ಕಚೇರಿಯಾಗಿದ್ದು, ರಾಜ್ಯದ ಕಚೇರಿಗಳಲ್ಲಿ ಈ ನೋಂದಣಿ ನಡೆಯುವುದಿಲ್ಲ. ಪ್ರತಿಯೊಂದು ಕೃತಿಗೂ ಪ್ರತ್ಯೇಕ ಅರ್ಜಿ ಅಗತ್ಯ. ಸಾಹಿತ್ಯ, ಸಂಗೀತ ಮತ್ತು ಕಲಾಕೃತಿಗಳಿಗೆ ತಲಾ 500 ರೂಪಾಯಿ ಶುಲ್ಕವಿದೆ. ಸರಕುಗಳಿಗೆ ಸಂಬಂಧಿಸಿ ಬಳಸುವಂತಹ ಕಲಾಕೃತಿಯಾದರೆ 2,000 ರೂಪಾಯಿ.

ಪ್ರೋಗ್ರಾಮಿನ ನೋಂದಣಿಗೆ ಮೂಲ ಸಂಕೇತದ ಮೊದಲ 10 ಮತ್ತು ಕೊನೆಯ 10 ಪುಟಗಳನ್ನು ಲಗತ್ತಿಸಬೇಕು. ಒಟ್ಟು 20 ಪುಟಗಳಿಗಿಂತ ಕಡಿಮೆಯಿದ್ದರೆ ಪೂರ್ಣ ಸಂಕೇತವನ್ನು ನೀಡಬೇಕು. ಯಾವ ಭಾಗವನ್ನೂ ಮರೆಮಾಡಿರಬಾರದು ಅಥವಾ ಅಳಿಸಿರಬಾರದು. ಅರ್ಜಿದಾರರು ಕರ್ತೃವಲ್ಲದೆ ಒಡೆಯರಾಗಿದ್ದಲ್ಲಿ ಹಸ್ತಾಂತರ ಪತ್ರವನ್ನು ಸೇರಿಸಬೇಕು. ಆಕ್ಷೇಪಣೆಗಳಿಗಾಗಿ 30 ದಿನಗಳ ಕಾಲಾವಕಾಶವಿದ್ದು, ಆ ಅವಧಿ ಮುಗಿಯುವವರೆಗೆ ಪರಿಶೀಲನೆ ಆರಂಭವಾಗುವುದಿಲ್ಲ.

ಹಲವರು ಸೇರಿ ರಚಿಸಿದ ಕೃತಿಯಲ್ಲಿ ಎಲ್ಲ ಕರ್ತೃಗಳ ಹೆಸರನ್ನೂ ಅರ್ಜಿಯಲ್ಲಿ ನಮೂದಿಸತಕ್ಕದ್ದು. ಮಧ್ಯದಲ್ಲಿ ತಂಡವನ್ನು ಬಿಟ್ಟವರ ಹೆಸರೂ ಇದರಲ್ಲಿ ಸೇರುತ್ತದೆ. ಪ್ರತಿಯೊಬ್ಬರೂ ಯಾವ ದಿನದಿಂದ ಯಾವ ದಿನದವರೆಗೆ ಯಾವ ಭಾಗದಲ್ಲಿ ಕೆಲಸ ಮಾಡಿದರೆಂಬ ವಹಿಯನ್ನು ಮೊದಲ ದಿನದಿಂದಲೇ ಇಟ್ಟುಕೊಂಡಿದ್ದರೆ, ನಮೂನೆ 14ರ ವಿವರಪಟ್ಟಿಯನ್ನೂ ಆಟದ ಕೊನೆಯಲ್ಲಿ ತೋರಿಸುವ ಹೆಸರುಗಳ ಪಟ್ಟಿಯನ್ನೂ ಅದರಿಂದಲೇ ಸಿದ್ಧಪಡಿಸಬಹುದು.